ಹಳೇಪೇಟೆಯ ಬಾವಿಗಳ ಉಪವಾಸ

ಮಾಗಾಣಿಪುರದ ಹಳೇಪೇಟೆಯಲ್ಲಿ ಈ ಕಥೆ ಹೇಳುವವರು ಇಸವಿಯಿಂದ ತೊಡಗುವುದಿಲ್ಲ. ‘ಅವತ್ತು ನಮ್ಮ ಕೇರಿಗೆ ನೀರಿನ ಸರದಿ’ ಎಂದು ತೊಡಗುತ್ತಾರೆ. ಇಸವಿ ಬೇಕೆಂದವರಿಗೆ ನಗರ ಜಲಯೋಜನಾ ಮಂಡಳಿಯ ನಡವಳಿ ಪುಸ್ತಕದಲ್ಲಿ ಅದು ಸಿಗುತ್ತದೆ: ೨೦೬೩, ಮಾರ್ಚ್. ಇಲ್ಲಿ ಬರೆದಿರುವುದು ಮುಖ್ಯವಾಗಿ ಮೂವರು ಹೇಳಿದ್ದು. ಒಬ್ಬರು ಮಂಡಳಿಯ ನಿಯಂತ್ರಣ ಕೊಠಡಿಯಲ್ಲಿ ಮೂವತ್ತು ವರ್ಷ ದುಡಿದ ಯೂಸುಫ್. ಇನ್ನೊಬ್ಬರು ನೀರುಗಂಟಿ ಹೊನ್ನೂರಮ್ಮನ ತಂಗಿಯ ಮಗಳು. ಮತ್ತೊಬ್ಬರು ಗಾಣಿಗರ ಓಣಿಯಲ್ಲಿ ಕೊಟ್ರಮ್ಮನ ಗೋಡೆಗೆ ಗೋಡೆ ಹಚ್ಚಿಕೊಂಡು ಬಾಳಿದ ನೆರೆಯಾಕೆ. ಮೂವರ ಮಾತು ಒಂದಕ್ಕೊಂದು ಕೂಡದ ಕಡೆ ಹಾಗೆಂದು ಸೂಚಿಸಿದೆ.

ಆ ಹೊತ್ತಿಗೆ ನೆಲದ ತಕ್ಕಡಿ ಬಳಕೆಗೆ ಬಂದು ಹತ್ತು ವರ್ಷವಾಗಿತ್ತು. ಅದರ ಶಾಸ್ತ್ರೀಯ ಹೆಸರು ಉದ್ದವಾದದ್ದು. ಊರಿನವರು ಇಟ್ಟ ಹೆಸರೇ ಕಡೆಗೆ ಮಂಡಳಿಯ ಕಾಗದಗಳಲ್ಲೂ ಉಳಿಯಿತು. ತೂಕವಿರುವ ಪ್ರತಿಯೊಂದು ವಸ್ತುವೂ ತನ್ನ ಮೇಲಿರುವುದನ್ನು ತುಸು ತನ್ನತ್ತ ಎಳೆದುಕೊಳ್ಳುತ್ತದೆ. ನೆಲದಡಿಯ ಬಂಡೆಯ ಬಿರುಕುಗಳಲ್ಲಿ ನೀರು ತುಂಬಿದರೆ ಅಲ್ಲಿನ ಎಳೆತ ಅಷ್ಟಿಷ್ಟು ಹೆಚ್ಚುತ್ತದೆ. ನೀರು ಬತ್ತಿದರೆ ಕುಗ್ಗುತ್ತದೆ. ಗಾಳಿ ತೆಗೆದ ಕೊಳವೆಯೊಳಗೆ ಕೆಲವು ಪರಮಾಣುಗಳನ್ನು ಬೀಳಿಸಿ, ಅವು ಬೀಳುವ ವೇಗದಿಂದ ಆ ಎಳೆತವನ್ನು ಅಳೆಯುವ ಪೆಟ್ಟಿಗೆಯೇ ನೆಲದ ತಕ್ಕಡಿ. ಅಕ್ಕಿ ಡಬ್ಬದ ಗಾತ್ರದ ಆ ಪೆಟ್ಟಿಗೆಗಳನ್ನು ಓಣಿಗೊಂದರಂತೆ ಹೂಳಿದ್ದರು. ಒಂದು ಕೇರಿಯ ಅಡಿಯಲ್ಲಿ ಹತ್ತು ಸಾವಿರ ಲೀಟರ್ ನೀರು ಏರಿದರೂ ಇಳಿದರೂ ಅವಕ್ಕೆ ತಿಳಿಯುತ್ತಿತ್ತು.

ಈ ತಕ್ಕಡಿಯಿಂದಲೇ ಮಂಡಳಿಯ ಭೂಜಲ ತಜ್ಞೆ ಲಾಸ್ಯ ಮೂರು ವರ್ಷದ ಹಿಂದೆ ಹಳೇಪೇಟೆಯ ಕೆಳಗೊಂದು ಕೆರೆಯನ್ನು ಕಂಡುಹಿಡಿದಿದ್ದಳು. ಬಂಡೆಯ ಬಿರುಕುಗಳಲ್ಲಿ ಹರಡಿ ನಿಂತ, ಎರಡು ಟಿಎಂಸಿಯಷ್ಟು ನೀರು. ಅದು ಬೇಸಿಗೆಯಲ್ಲಿ ಇಳಿಯುತ್ತಿರಲಿಲ್ಲ. ಬದಲಿಗೆ ದಿನಕ್ಕೆ ಸರಾಸರಿ ಒಂದು ಕೋಟಿ ಲೀಟರಿನಂತೆ ಏರುತ್ತಲೇ ಇತ್ತು. ಉತ್ತರದ ಗುಡ್ಡಸಾಲಿನ ಮಳೆನೀರು ಆಳದ ಬಿರುಕುಗಳ ಮೂಲಕ ಇಲ್ಲಿಗೆ ಬಂದು ಸೇರುತ್ತಿದೆ ಎಂದು ಲಾಸ್ಯ ತನ್ನ ವರದಿಯ ಮೂವತ್ತೆರಡನೆಯ ಪುಟದಲ್ಲಿ ಬರೆದಳು. ಆ ಸಾಲಿನ ಮುಂದೆ ‘ಸಹಜ ಒಳಹರಿವು’ ಎಂಬ ಶೀರ್ಷಿಕೆಯಿತ್ತು. ಕಚೇರಿಯಲ್ಲಿ ಅದನ್ನು ಲಾಸ್ಯಳ ಕೆರೆ ಎಂದು ಕರೆಯತೊಡಗಿದರು.

ಊರು ಆಗ ಎಂಟು ಲಕ್ಷ ಜನರದು. ಇಪ್ಪತ್ತು ವರ್ಷದಲ್ಲಿ ಹದಿನಾಲ್ಕು ಲಕ್ಷವಾಗುವುದೆಂದು ಅಂದಾಜು. ಮುಂದಿನ ನೀರಿಗೆ ಇದ್ದದ್ದು ಎರಡು ದಾರಿ. ಒಂದು, ತೊಂಬತ್ತು ಕಿಲೋಮೀಟರ್ ದೂರದ ಹೊಳೆ. ಹೊಳೆಯ ನೀರನ್ನು ಊರುಗಳಿಗೆ ಹಂಚುವುದು ಇಪ್ಪತ್ತು ವರ್ಷಕ್ಕೊಮ್ಮೆ. ಆ ವರ್ಷದ ಮಾರ್ಚ್ ಮೂವತ್ತೊಂದರೊಳಗೆ ಅರ್ಜಿ ಹಾಕದ ಊರಿನ ಪಾಲು ಬೇರೆ ಊರುಗಳಿಗೆ ಹೋಗುತ್ತಿತ್ತು, ಮತ್ತೆ ಇಪ್ಪತ್ತು ವರ್ಷ ಕೇಳುವಂತಿರಲಿಲ್ಲ. ಇನ್ನೊಂದು, ಕಾಲಡಿಯಲ್ಲೇ ಇದ್ದ ಲಾಸ್ಯಳ ಕೆರೆ. ದಿನಕ್ಕೆ ಒಂದೂಮುಕ್ಕಾಲು ಕೋಟಿ ಲೀಟರ್ ಎತ್ತಿದರೂ, ಒಳಹರಿವು ಹೀಗೆಯೇ ಇದ್ದರೆ, ಅದು ಇಪ್ಪತ್ತು ವರ್ಷ ಬಾಳುತ್ತಿತ್ತು. ಮಂಡಳಿ ಎರಡನೆಯದನ್ನು ಆರಿಸಿತು. ಹೊಳೆಯ ಪಾಲನ್ನು ಬಿಟ್ಟುಕೊಡುವುದು, ಕೆರೆಯ ಮೇಲೆ ವಾಸವಾಗಿರುವ ಹಳೇಪೇಟೆಗೆ ಮೊದಲ ಮರ್ಯಾದೆಯಾಗಿ ದಿನದ ಇಪ್ಪತ್ನಾಲ್ಕು ಗಂಟೆಯೂ ನಲ್ಲಿಯಲ್ಲಿ ನೀರು ಕೊಡುವುದು. ಇದಿಷ್ಟು ಮಾರ್ಚ್ ಇಪ್ಪತ್ತೊಂಬತ್ತರ ಸಭೆಯಲ್ಲಿ ಅಧಿಕೃತವಾಗಬೇಕಿತ್ತು.

ಹಳೇಪೇಟೆಯ ಮೂವತ್ತು ಸಾವಿರ ಮನೆಗಳಿಗೆ ಅಲ್ಲಿಯವರೆಗೆ ನೀರು ಬರುತ್ತಿದ್ದದ್ದು ನಾಲ್ಕು ದಿನಕ್ಕೊಮ್ಮೆ. ಹನ್ನೆರಡು ಕೇರಿ, ದಿನಕ್ಕೆ ಮೂರು. ದೊಡ್ಡ ವಾಲ್ವುಗಳನ್ನು ತಿರುವುವಾಕೆ ಹೊನ್ನೂರಮ್ಮ. ಆಕೆಯ ತಂದೆಯೂ ಅಜ್ಜನೂ ಕೆರೆಯ ತೂಬು ಎತ್ತುತ್ತಿದ್ದ ನೀರುಗಂಟಿಗಳು. ಕೆರೆ ಹೋಗಿ ಕೊಳವೆ ಬಂದಾಗ ಕೆಲಸದ ಜೊತೆಗೆ ಹೆಸರೂ ಮುಂದುವರಿದಿತ್ತು. ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬರುತ್ತಿದ್ದ ಆಕೆ, ವಾಲ್ವ್ ತಿರುವುವ ಮುನ್ನ ಗುಂಡಿಯ ಮುಚ್ಚಳದ ಮೇಲೆ ಕೀಲಿಯಿಂದ ಮೂರು ಸಲ ಬಡಿಯುತ್ತಿದ್ದಳು.

ಆ ಬಡಿತ ಬರಿಯ ಸೂಚನೆಯಲ್ಲ. ಅದು ಕೇಳಿದೊಡನೆ ಪ್ರತಿ ಮನೆಯಲ್ಲೂ ಹಿತ್ತಿಲ ತೊಟ್ಟಿಯ ತಳದ ಬಿರಡೆ ಎಳೆಯುತ್ತಿದ್ದರು. ಒಂದು ಸರದಿ ತಪ್ಪಿದರೂ ಇರಲಿ ಎಂದು ಹಳೇಪೇಟೆಯ ತೊಟ್ಟಿಗಳನ್ನೆಲ್ಲ ಎಂಟು ದಿನಕ್ಕಾಗುವಷ್ಟು ದೊಡ್ಡದಾಗಿ ಕಟ್ಟಿದ್ದರು. ಹೀಗಾಗಿ ಹೊಸ ನೀರು ಬರುವ ಹೊತ್ತಿಗೆ ಅರ್ಧ ತೊಟ್ಟಿ ಹಳೆಯ ನೀರು ಉಳಿದೇ ಇರುತ್ತಿತ್ತು. ಹಳೆಯದರ ಮೇಲೆ ಹೊಸದನ್ನು ಸುರಿಯಬಾರದು. ಆದರೆ ಮನೆಯೊಳಗೆ ನಾಲ್ಕು ದಿನ ಇದ್ದ ನೀರನ್ನು ಚರಂಡಿಗೂ ಬಿಡಬಾರದು. ಅದನ್ನು ಓಣಿಯ ಬಾವಿಗೆ ಕಳಿಸಬೇಕು. ತೊಟ್ಟಿಯಿಂದ ಬಾವಿಗೆ ಮಣ್ಣಿನ ಕೊಳವೆಗಳಿದ್ದವು. ಬಿರಡೆಗೆ ಚಿಟಿಕೆ ಅರಿಸಿನ ಹಚ್ಚಿ, ಮಗಳನ್ನು ಕಳಿಸುವಂತೆ ‘ಹೋಗಿ ಬಾ’ ಎನ್ನುತ್ತಿದ್ದರು. ಊರಿಗೆ ಮೊದಲು ನಲ್ಲಿ ಬಂದ ವರ್ಷ ಬಾವಿಗಳು ಮುನಿಸಿಕೊಂಡವೆಂದೂ, ಒಂದು ಬಾವಿಯ ಗಡಗಡೆ ಮೂರು ದಿನ ತಾನಾಗಿ ತಿರುಗಿತೆಂದೂ, ಆಗ ಹೊನ್ನೂರಮ್ಮನ ಅಜ್ಜ ಬಾವಿಗಳಿಗೆ ಈ ಪಾಲನ್ನು ಗೊತ್ತುಮಾಡಿದನೆಂದೂ ಒಂದು ಹೇಳಿಕೆ. ಅಜ್ಜನಲ್ಲ, ಅಜ್ಜಿ ಎಂದು ನೆರೆಯಾಕೆಯ ಪಾಠ.

ಲಾಸ್ಯ ಹುಟ್ಟಿ ಬೆಳೆದದ್ದು ಇದೇ ಗಾಣಿಗರ ಓಣಿಯಲ್ಲಿ. ಆರು ವರ್ಷದವಳಿದ್ದಾಗಿನಿಂದ ಬಿರಡೆ ಎಳೆದವಳು.

ಮಾರ್ಚ್ ಇಪ್ಪತ್ತೊಂದರಂದು ಮಂಡಳಿಯ ಮುಖ್ಯ ಯೋಜಕ ರುದ್ರಮುನಿ ನಿಯಂತ್ರಣ ಕೊಠಡಿಗೆ ಬಂದು, ಗೋಡೆಯ ಪರದೆಯ ಮೇಲಿದ್ದ ಕೆರೆಯ ನಕ್ಷೆಯನ್ನು ನೋಡಿ ಮುಖ ಸಿಂಡರಿಸಿದರು.

“ಇದೇನಮ್ಮ ಗೆರೆ, ಇಸ್ತ್ರಿ ಮಾಡಿದ ಹಾಗೆ? ಸಭೆಗೆ ಬರೋರಿಗೆ ಕೆರೆಯಲ್ಲಿ ಜೀವ ಇದೆ ಅಂತ ಕಾಣಬೇಡವೇ?”

“ವಾರದ ಸರಾಸರಿ ಸರ್. ತಕ್ಕಡಿ ದಿನವೂ ಸ್ವಲ್ಪ ಅಲುಗಾಡ್ತದೆ, ಲಾರಿ ಹೋದರೂ ಅಲುಗಾಡ್ತದೆ. ಏಳು ದಿನದ್ದು ಸೇರಿಸಿ ಹಾಕೋದು ಪದ್ಧತಿ” ಎಂದಳು ಲಾಸ್ಯ.

“ಪದ್ಧತಿ ವರದಿಯಲ್ಲಿರಲಿ. ಪರದೆಗೆ ದಿನದ ಲೆಕ್ಕ ಹಾಕಿ.”

ಯೂಸುಫ್ ಪರದೆಯಿಂದ ಸರಾಸರಿಯನ್ನು ತೆಗೆದುಹಾಕಿದ. ರುದ್ರಮುನಿ ಹೊರಟುಹೋದ ಮೇಲೆ, ಚಹಾ ತರಿಸಿಕೊಂಡು ಕುಳಿತು ನೋಡಿದಾಗ, ಕೆರೆ ಒಂದೇ ಸಮನೆ ಏರುತ್ತಿರಲಿಲ್ಲ. ಪ್ರತಿ ಕೇರಿಯ ಗೆರೆಯೂ ಮೂರು ದಿನ ಮಲಗಿ ನಾಲ್ಕನೆಯ ದಿನ ಒಮ್ಮೆಲೇ ಮೇಲೆ ಹತ್ತುತ್ತಿತ್ತು.

“ಮೇಡಂ, ಇದನ್ನ ಒರತೆ ಅನ್ನಂಗಿಲ್ಲ” ಎಂದ ಯೂಸುಫ್. “ಇದು ಮೆಟ್ಟಿಲು. ಯಾರೋ ಹತ್ತಿಕೋತ ಹೊಂಟಾರ.”

“ಪೆಟ್ಟಿಗೆಗಳ ಗಡಿಯಾರ ತಪ್ಪಿರಬೇಕು.”

“ಎಲ್ಲಾ ಪೆಟ್ಟಿಗಿ ಸೇರಿ ತಪ್ಪಿದ್ರ ಅದು ತಪ್ಪಲ್ಲ, ಒಗ್ಗಟ್ಟು.”

ಇನ್ನೊಂದು ಸಂಗತಿಯೂ ಕಂಡಿತು. ಫೆಬ್ರವರಿ ಹನ್ನೊಂದರಂದು ಯಾವ ಕೇರಿಯ ಗೆರೆಯೂ ಏರಿರಲಿಲ್ಲ. ಅಂದಿನಿಂದ ಹನ್ನೆರಡು ಕೇರಿಗಳ ಮೆಟ್ಟಿಲುಗಳೂ ಒಂದು ದಿನ ಮುಂದೆ ಸರಿದಿದ್ದವು. ಗುಡ್ಡದಿಂದ ಬರುವ ನೀರು ಒಂದು ದಿನ ನಿಂತು ಮತ್ತೆ ಹೊರಡುವುದು ಹೇಗೆಂದು ಲಾಸ್ಯಳಿಗೆ ತಿಳಿಯಲಿಲ್ಲ. ಕೇರಿಗಳ ಗೆರೆಗಳನ್ನು ಫೋನಿಗೆ ಹಾಕಿಕೊಂಡು ಮನೆಗೆ ಹೋದಳು.

ಮರುದಿನ ಗಾಣಿಗರ ಓಣಿಯಿರುವ ಕೇರಿಗೆ ಸರದಿ. ಲಾಸ್ಯ ಹೊಸ ಬಡಾವಣೆಯಲ್ಲಿ ಇರುತ್ತಿದ್ದರೂ ಸರದಿಯ ಬೆಳಿಗ್ಗೆ ತಾಯಿ ಕೊಟ್ರಮ್ಮನ ಮನೆಗೆ ಬರುತ್ತಿದ್ದಳು. ಕೊಟ್ರಮ್ಮನಿಗೆ ಎರಡೂ ಮೊಣಕಾಲು ಹಿಡಿದುಕೊಂಡಿದ್ದವು. ಆಕೆ ಅಡುಗೆಮನೆಯ ಹೊಸಿಲ ಮೇಲೆ ಕುಳಿತು, ತುಂಬಬೇಕಾದ ಕೊಡ ಹಂಡೆಗಳನ್ನು ಸಾಲಾಗಿ ಇಡಿಸಿ, ಸೇನೆ ನಡೆಸುವವಳಂತೆ ಅಪ್ಪಣೆ ಕೊಡುತ್ತಿದ್ದಳು.

“ಇನ್ನ ಎಷ್ಟು ಸರದಿ ಇದು?” ಎಂದಳು ಕೊಟ್ರಮ್ಮ. “ಜೂನ್‌ದಾಗ ಬರ್ತೈತಿ ಅಂತಿಯಲ್ಲ, ಇಪ್ಪತ್ನಾಲ್ಕು ತಾಸು?”

“ಸಭೆ ಆಗ್ಲಿ ಯವ್ವಾ.”

“ನಲ್ಲಿ ತಿರುವಿದ್ರ ನೀರು ಬರಬೇಕು. ಅಷ್ಟ. ನೀರಿನ ಸರದಿ ಅಂತ ನಮ್ಮಕ್ಕನ ಮಗನ ಧಾರೆಗೆ ಹೋಗಲಿಲ್ಲ ನಾನು. ಅವನಿಗೆ ಈಗ ಮೊಮ್ಮಗ ಹುಟ್ಯಾನ.”

ಓಣಿಯ ತಿರುವಿನಲ್ಲಿ ಕಬ್ಬಿಣದ ಮುಚ್ಚಳದ ಮೇಲೆ ಮೂರು ಬಡಿತ ಕೇಳಿಸಿತು.

“ಹೊನ್ನೂರಿ ಬಡಿದ್ಲು. ಬಿರಡಿ ಎಳಿ. ಆ ಫೋನ್ ಕೆಳಗಿಡು, ತೊಟ್ಯಾಗ ಬಿದ್ದೀತು.”

ಲಾಸ್ಯ ಫೋನನ್ನು ತೊಟ್ಟಿಯ ಕಟ್ಟೆಯ ಮೇಲಿಟ್ಟು, ಅರಿಸಿನ ಹಚ್ಚಿ, ಬಿರಡೆ ಎಳೆದಳು. ನೀರು ಗೊಟಗೊಟನೆ ಕೊಳವೆ ಸೇರಿತು. ಕೈ ಒರೆಸಿಕೊಂಡು ಫೋನ್ ಎತ್ತಿಕೊಂಡಾಗ ಕೇರಿಯ ಗೆರೆ ಇನ್ನೂ ಮಲಗಿತ್ತು. ಅವಳು ಎರಡು ಕೊಡ ತುಂಬಿ ಒಳಗಿಟ್ಟು ಬಂದಳು. ಗೆರೆ ಎದ್ದು ನಿಂತಿತ್ತು. ಮೂರನೆಯ ಕೊಡಕ್ಕೆ ಅದು ನಿನ್ನೆ ಪರದೆಯಲ್ಲಿ ಕಂಡ ಮೆಟ್ಟಿಲಿನ ಎತ್ತರಕ್ಕೆ ಹೋಯಿತು. ಐದನೆಯ ಕೊಡ ಎಂದು ಯೂಸುಫ್ ಹೇಳುತ್ತಾನೆ, ಅವನು ಅಲ್ಲಿರಲಿಲ್ಲ.

“ಯವ್ವಾ, ಈಗ ಎಷ್ಟು ನೀರು ಹೋಗಿರಬೇಕು?”

“ಯಾವ ನೀರು?”

“ಬಾವಿಗೆ ಹೋತಲ್ಲ, ಈಗ.”

“ಅದು ನೀರಲ್ಲ ಬೇ, ಹಳೇ ನೀರು” ಎಂದಳು ಕೊಟ್ರಮ್ಮ. “ಹಂಡೆ ತುಂಬಿತು ನೋಡು, ಸರಿಸು.”

ಲಾಸ್ಯ ಮೂರು ವರ್ಷ ಮಾಡಿದ ತಪ್ಪೂ ಅದೇ. ಮಂಡಳಿಯ ಲೆಕ್ಕದಲ್ಲಿ ಕೊಳವೆ ಬಿಟ್ಟು ಮನೆ ಸೇರಿದ ನೀರು ಖರ್ಚಾದ ನೀರು. ಹಳೇಪೇಟೆಯ ಚರಂಡಿಯಲ್ಲಿ ನಿರೀಕ್ಷೆಗಿಂತ ಕಡಿಮೆ ನೀರು ಹರಿಯುತ್ತಿದೆ ಎಂಬುದು ಹಳೆಯ ಕಡತಗಳಲ್ಲಿತ್ತು. ಅಲ್ಲಿನವರು ಹಿಡಿತದವರು ಎಂದು ಅದಕ್ಕೆ ಷರಾ ಬರೆದಿದ್ದರು. ದಿನಕ್ಕೆ ಏಳೂವರೆ ಸಾವಿರ ಮನೆಗಳಿಗೆ ಸರದಿ, ಮನೆಗೆ ಸುಮಾರು ಸಾವಿರದ ಮುನ್ನೂರು ಲೀಟರ್ ಹಳೇ ನೀರು: ಒಂದು ಕೋಟಿಗೆ ತುಸುವೇ ಕಡಿಮೆ. ಲಾಸ್ಯ ಅದನ್ನು ಹಿತ್ತಿಲಲ್ಲೇ, ಬೆರಳ ಗೆಣ್ಣಿನ ಮೇಲೆ ಎಣಿಸಿದಳು. ಬಾವಿಗಳ ತಳದಿಂದ ಬಂಡೆಯ ಬಿರುಕುಗಳಿಗೆ ಇಳಿಯುತ್ತಿದ್ದದ್ದು ಇದೇ ನೀರು; ಗುಡ್ಡದಿಂದ ಏನೂ ಬರುತ್ತಿರಲಿಲ್ಲ. ಊರು ತಾನೇ ಕೊಟ್ಟ ನೀರನ್ನು ತಾನೇ ಕಂಡುಹಿಡಿದು, ಅದರ ಮೇಲೆ ಇಪ್ಪತ್ತು ವರ್ಷದ ಯೋಜನೆ ಹಾಕಿತ್ತು. ಇಪ್ಪತ್ನಾಲ್ಕು ಗಂಟೆ ನಲ್ಲಿ ಹರಿಯತೊಡಗಿದರೆ ಯಾರೂ ನೀರು ಕೂಡಿಡುವುದಿಲ್ಲ. ಕೂಡಿಡದ ಮನೆಯಲ್ಲಿ ಹಳೇ ನೀರಿರುವುದಿಲ್ಲ. ಬಾವಿಗೆ ಹೋಗುವುದು ನಿಲ್ಲುತ್ತದೆ. ಒಳಹರಿವಿಲ್ಲದ ಕೆರೆ ಒಂಬತ್ತು ವರ್ಷ ತುಂಬುವ ಮೊದಲೇ ಬರಿದಾಗುತ್ತದೆ. ಅಲ್ಲಿಂದ ಮುಂದೆ ಹನ್ನೊಂದು ವರ್ಷ ಊರಿಗೆ ಹೊಳೆಯೂ ಇರುವುದಿಲ್ಲ, ಕೆರೆಯೂ ಇರುವುದಿಲ್ಲ.

ಅವಳು ಯೂಸುಫನಿಗೆ ಫೋನ್ ಮಾಡಿದಳು. “ಫೆಬ್ರವರಿ ಹನ್ನೊಂದು. ಹೊನ್ನೂರಕ್ಕನ ಹಾಜರಿ ನೋಡು.”

ಅವನು ಸ್ವಲ್ಪ ಹೊತ್ತಿನ ಮೇಲೆ, “ರಜಾ. ತಂಗಿ ಮಗಳ ಸೀಮಂತ. ಬದಲಿ ಆಳು ಸಿಗದೆ ಸರದಿ ಒಂದು ದಿನ ಮುಂದಕ್ಕ ಹಾಕ್ಯಾರ” ಎಂದ. ಬಳಿಕ, “ಮೇಡಂ, ನಿಮ್ಮ ಕೆರಿ ಹೊನ್ನೂರಮ್ಮನ ಕೂಡ ರಜಾ ತಗೊಂತೈತಿ” ಎಂದ.

ಹೊನ್ನೂರಮ್ಮ ತಿರುವಿನ ಗುಂಡಿಯ ಪಕ್ಕದಲ್ಲಿ ಎಲೆ ಅಡಿಕೆ ಬಿಚ್ಚಿಕೊಂಡು ಕುಳಿತಿದ್ದಳು. ಲಾಸ್ಯ ಹೇಳಿದ್ದನ್ನೆಲ್ಲ ಕೇಳಿ, ನಾಲಗೆಯ ತುದಿಯ ಸುಣ್ಣ ಚಪ್ಪರಿಸಿ, “ಮೂರು ವರ್ಷ ಪೆಟ್ಟಿಗಿ ಹೂಳಿಕೋತ ತಿರುಗಿದಿ” ಎಂದಳು. “ನೀರು ಎಲ್ಲಿಂದ ಬರ್ತೈತಿ ಅಂತ ನನ್ನ ಕೇಳಿದ್ರ ಈ ಎಲಿ ಮುಗಿಯೋದ್ರಾಗ ಹೇಳ್ತಿದ್ದೆ.”

“ನಿನಗ ಗೊತ್ತಿತ್ತೇನು?”

“ಬಾವಿ ಯಾಕ ತುಂಬೈತಿ ಅಂತ ಗೊತ್ತಿತ್ತು. ನಿನ್ನ ಕೆರಿ ಇದ ಅಂತ ನನಗ್ಯಾರು ಹೇಳಿದ್ರು?”

ಲಾಸ್ಯಳಿಗೆ ಬೇಕಾದದ್ದು ಒಂದು ಸರದಿ. ಇಪ್ಪತ್ತೈದರಿಂದ ಇಪ್ಪತ್ತೆಂಟರವರೆಗೆ ಹಳೇಪೇಟೆಯ ಯಾರೂ ಬಿರಡೆ ಎಳೆಯದೆ ಇದ್ದರೆ, ತಕ್ಕಡಿ ಏರದೆ ಉಳಿದರೆ, ಇಪ್ಪತ್ತೊಂಬತ್ತರ ಸಭೆಗೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಮಂಡಳಿಯಿಂದ ಪ್ರಕಟಣೆ ಹೊರಡಿಸಿದರೆ ಯಾರೂ ಕೇಳುವುದಿಲ್ಲ. ಹೊನ್ನೂರಮ್ಮ ಹೇಳಿದರೆ ಕೇಳುತ್ತಾರೆ.

“ಇಪ್ಪತ್ನಾಲ್ಕು ತಾಸು ಬಂದ ದಿನ ಈ ಕೀಲಿ ಮೂಲಿ ಸೇರ್ತೈತಿ” ಎಂದಳು ಹೊನ್ನೂರಮ್ಮ. “ಈಗ ನಾನು ಹೋಗಿ ಬಿರಡಿ ಎಳಿಬ್ಯಾಡ್ರಿ ಅಂದು, ಅದರಿಂದ ಇಪ್ಪತ್ನಾಲ್ಕು ತಾಸು ನಿಂತುಹೋದ್ರ, ಕೀಲಿ ಉಳಿಸಿಕೊಳ್ಳಾಕ ಮಾಡಿದ್ಲು ಅಂತಾರ. ನಿಮ್ಮವ್ವನ ಮೊದಲು ಅಂತಾಳ.”

“ಅಂತಾಳ.”

ಹೊನ್ನೂರಮ್ಮ ಎಲೆಯನ್ನು ಮಡಿಸಿ ಬಾಯಿಗಿಟ್ಟು ಅಗಿದಳು. “ಎಳಿಬ್ಯಾಡ್ರಿ ಅಂತೀನಿ. ತಕ್ಕಡಿ, ಸಭೆ, ಅದೆಲ್ಲ ನನ್ನ ಬಾಯಾಗ ಬರಂಗಿಲ್ಲ.”

“ಯಾಕಂತ ಕೇಳಿದ್ರ?”

“ಬಾವಿ ಉಪಾಸ ಹಿಡದೈತಿ ಅಂತೀನಿ. ಉಪಾಸ ಇದ್ದವರಿಗೆ ಬಡಸೋ ಮಂದಿ ಅಲ್ಲ ನಮ್ಮವರು.”

ರುದ್ರಮುನಿ ಇದನ್ನು ಕೇಳಿದ್ದು ಇಪ್ಪತ್ಮೂರರಂದು. ನಡವಳಿ ಪುಸ್ತಕದಲ್ಲಿ ‘ತಜ್ಞೆಯೊಡನೆ ಚರ್ಚಿಸಲಾಯಿತು’ ಎಂದಷ್ಟೇ ಇದೆ. ಉಳಿದದ್ದು ಯೂಸುಫನ ನೆನಪು.

“ನೋಡಮ್ಮ, ಮೂರು ವರ್ಷದ ಹಿಂದೆ ಇದೇ ಕುರ್ಚಿಯಲ್ಲಿ ಕೂತು ಕೇಳಿದ್ದೆ, ಈ ಒಳಹರಿವು ಖಾತ್ರಿಯೇ ಅಂತ. ಖಾತ್ರಿ ಅಂದ್ರಿ.”

“ಮೂವತ್ತೆರಡನೇ ಪುಟ ತಪ್ಪು ಸರ್. ನಾನೇ ಬರೆದಿದ್ದು.”

“ಕೆರೆ ಸುಳ್ಳೇ ಹಾಗಾದರೆ?”

“ಕೆರೆ ನಿಜ. ನೀರೂ ನಿಜ. ಆದರೆ ಅದು ನಾವೇ ಒಂದು ಸಲ ಕೊಟ್ಟಿದ್ದು. ಮತ್ತೆ ಅದನ್ನೇ ಹೊಸದು ಅಂತ ಲೆಕ್ಕಕ್ಕೆ ಹಿಡಿಯಕ್ಕಾಗಲ್ಲ.”

ರುದ್ರಮುನಿ ಕನ್ನಡಕ ತೆಗೆದು ಒರೆಸಿದರು. ಮೂವತ್ತು ಸಾವಿರ ಮನೆಗಳಿಗೆ ಮಾತು ಕೊಟ್ಟಾಗಿದೆ ಎಂದರು. ತಜ್ಞರು ತಮ್ಮ ವರದಿಯನ್ನು ತಾವೇ ಹಿಂತೆಗೆದುಕೊಂಡರೆ ಮುಂದೆ ಯಾವ ವರದಿಗೆ ಬೆಲೆ ಎಂದರು. ಕೊನೆಗೆ, “ಹೊಳೆಗೆ ಹಾಕೋ ಅರ್ಜಿಯನ್ನು ತಯಾರು ಮಾಡಿ ಇಡಿ. ರುಜು ಮಾಡೋದು ನಿಮ್ಮ ಉಪವಾಸ ನೋಡಿದ ಮೇಲೆ” ಎಂದರು.

ಲಾಸ್ಯ ತಾಯಿಗೆ ತಾನೇ ಹೇಳಿದಳು. ಕೊಟ್ರಮ್ಮ ಬದನೆಕಾಯಿ ಹೆಚ್ಚುತ್ತಿದ್ದಳು. ಜೂನ್‌ದಲ್ಲಿ ನೀರು ಬರುವುದಿಲ್ಲ, ಹೊಳೆಯಿಂದ ತರಬೇಕಾದರೆ ಹತ್ತು ವರ್ಷವಾದರೂ ಆಗುತ್ತದೆ ಎಂದಾಗ ಹೆಚ್ಚುವುದನ್ನು ನಿಲ್ಲಿಸಿದಳು.

“ಹತ್ತು ವರ್ಷಕ್ಕ ನನಗ ಎಷ್ಟು?”

“ಎಂಬತ್ತೊಂದು.”

“ಒಂಬತ್ತು ವರ್ಷ ಬರ್ತಿತ್ತು ಅಂದಿ, ಆ ಕೆರಿ ನೀರು.”

“ಬರ್ತಿತ್ತು. ಆಮೇಲೆ ಹನ್ನೊಂದು ವರ್ಷ ಯಾರಿಗೂ ಇರ್ತಿರಲಿಲ್ಲ.”

“ಒಂಬತ್ತು ನನಗ ಸಾಕಾಗಿತ್ತು” ಎಂದು ಕೊಟ್ರಮ್ಮ ಮತ್ತೆ ಈಳಿಗೆಗೆ ಕೈ ಹಾಕಿದಳು. ಇದಿಷ್ಟು ನೆರೆಯಾಕೆ ಹೇಳಿದ್ದು. ಗೋಡೆಯ ಈಚೆ ಆಕೆಯೂ ಕಿವಿಗೊಟ್ಟು ಕುಳಿತಿದ್ದಳು.

ಇಪ್ಪತ್ತೈದರ ಬೆಳಿಗ್ಗೆ ಹೊನ್ನೂರಮ್ಮ ಅಗಸೆ ಕೇರಿಯಲ್ಲಿ ಮುಚ್ಚಳ ಬಡಿಯಲಿಲ್ಲ. ಗುಂಡಿಯ ಬಳಿ ಸೇರಿದ ಹೆಂಗಸರಿಗೆ, ಈ ಸರದಿ ಬಾವಿಗಳು ಉಪವಾಸ, ಹಳೇ ನೀರು ಕಳಿಸಬಾರದು, ಹೊಸದನ್ನು ಬೇರೆ ಪಾತ್ರೆಯಲ್ಲಿ ಹಿಡಿದುಕೊಳ್ಳಿ ಎಂದಳು. ಎಷ್ಟು ದಿನ ಎಂದು ಕೇಳಿದವರಿದ್ದರು. ಯಾವ ಬಾವಿ ಕನಸಿನಲ್ಲಿ ಬಂತು ಎಂದು ಕೇಳಿದವರಿದ್ದರು. ಯಾಕೆ ಎಂದು ಕೇಳಿದವರು ಕಡಿಮೆ. ಒಬ್ಬಾಕೆ ಮಾತ್ರ, “ಸೋಮವಾರ ಬಿಟ್ಟು ಭಾನುವಾರ ಎಂಥಾ ಉಪಾಸ ಹೊನ್ನೂರಕ್ಕ?” ಎಂದಳಂತೆ. “ನೀನು ಹಿಡಿಯೋ ಉಪಾಸದಂಗ ಅಲ್ಲ, ಅವಲಕ್ಕಿ ತಿನ್ನಂಗಿಲ್ಲ” ಎಂದು ಹೊನ್ನೂರಮ್ಮ ಸೈಕಲ್ ಹತ್ತಿದಳು. ಮಾತು ಹಿತ್ತಿಲಿಂದ ಹಿತ್ತಿಲಿಗೆ ದಾಟಿ ಅವಳಿಗಿಂತ ಮೊದಲೇ ಮುಂದಿನ ಕೇರಿ ಸೇರಿತು.

ನಿಯಂತ್ರಣ ಕೊಠಡಿಯಲ್ಲಿ ಮೊದಲ ದಿನದ ಮೂರು ಕೇರಿಗಳ ಗೆರೆ ಏರಲಿಲ್ಲ. ಎರಡನೆಯ ದಿನ ಗಾಣಿಗರ ಓಣಿಯಿದ್ದ ಕೇರಿಯ ಸರದಿ. ಹತ್ತು ಗಂಟೆಗೆ ಆ ಗೆರೆ ಸಣ್ಣದೊಂದು ಮೆಟ್ಟಿಲು ಹತ್ತಿತು. ಎತ್ತರ ಎಂದಿನದರ ಹದಿನೆಂಟನೆಯ ಒಂದು ಪಾಲಷ್ಟೇ; ಆದರೆ ಏರಿದ್ದು ನಿಜ. ಮೂರನೆಯ ದಿನ, ನಾಲ್ಕನೆಯ ದಿನ ಉಳಿದ ಕೇರಿಗಳು ಮಲಗಿಯೇ ಇದ್ದವು. ಆ ಒಂದು ಸಣ್ಣ ಮೆಟ್ಟಿಲು ಬಿಟ್ಟರೆ, ಲಾಸ್ಯಳ ಕೆರೆ ಮೂರು ವರ್ಷದಲ್ಲಿ ಮೊದಲ ಬಾರಿ ನಾಲ್ಕು ದಿನ ಏರದೆ ನಿಂತಿತು.

ಇಪ್ಪತ್ತೆಂಟರ ಸಂಜೆ ರುದ್ರಮುನಿ ಬಂದರು. ಹನ್ನೆರಡು ಗೆರೆಗಳನ್ನೂ ಒಂದೊಂದಾಗಿ ನೋಡಿದರು.

“ತಕ್ಕಡಿಗಳೇ ಕೆಟ್ಟಿರಬಹುದಲ್ಲ? ನಾಲ್ಕು ದಿನ ಏರಲಿಲ್ಲ ಅಂದಮಾತ್ರಕ್ಕೆ...” ಎನ್ನುತ್ತ ಒಂದು ಗೆರೆಯ ಮುಂದೆ ನಿಂತರು. “ಇದ್ಯಾಕೆ ಏರಿದೆ?”

ಯೂಸುಫ್ ಆ ಕೇರಿಯನ್ನು ಓಣಿಗಳಾಗಿ ಬಿಡಿಸಿ ತೋರಿಸಿದ. ಹದಿನೆಂಟು ಓಣಿಗಳಲ್ಲಿ ಹದಿನೇಳು ಮಲಗಿದ್ದವು. ಒಂದೇ ಒಂದು ಓಣಿಯ ಕೆಳಗೆ ಒಂದು ಲಕ್ಷ ಎಂಬತ್ತು ಸಾವಿರ ಲೀಟರ್ ಇಳಿದಿತ್ತು. ನೂರ ನಲವತ್ತು ಮನೆಗಳ ಹಳೇ ನೀರು.

“ಯಾವುದಿದು?”

“ಗಾಣಿಗರ ಓಣಿ ಸರ್” ಎಂದಳು ಲಾಸ್ಯ. “ನಮ್ಮ ತಾಯಿ ಮನೆ ಇರೋದು ಅಲ್ಲೇ.”

ಕೊಟ್ರಮ್ಮ ಮೊಣಕಾಲು ಹಿಡಿದುಕೊಂಡೇ ಮನೆಯಿಂದ ಮನೆಗೆ ಹೋಗಿ, ಉಪವಾಸ ಎಂಬುದು ಸುಳ್ಳು, ಬಿರಡೆ ಎಳೆದರೆ ಜೂನ್‌ದಲ್ಲಿ ನೀರು, ಎಳೆಯದಿದ್ದರೆ ಹತ್ತು ವರ್ಷ ಇಲ್ಲ ಎಂದು ಹೇಳಿದ್ದಳು. ನೂರ ನಲವತ್ತು ಮನೆಯವರೂ ಆಕೆಯ ಮಾತು ನಡೆಸಿದರು. ಎಲ್ಲ ಓಣಿಗಳೂ ಉಪವಾಸವಿದ್ದಿದ್ದರೆ ಯಂತ್ರ ಕೆಟ್ಟಿದೆ ಎನ್ನಲು ಎಡೆಯಿತ್ತು. ಎಳೆದ ಕಡೆ ಮಾತ್ರ ಏರಿ, ಎಳೆಯದ ಕಡೆ ಏರದೆ ಉಳಿದ ಮೇಲೆ ಆ ಮಾತು ನಿಲ್ಲುವಂತಿರಲಿಲ್ಲ. ರುದ್ರಮುನಿ ನಿಂತುಕೊಂಡೇ ಅರ್ಜಿಗೆ ರುಜು ಹಾಕಿದರು. ಮೂವತ್ತೊಂದಕ್ಕೆ ಎರಡು ದಿನ ಮೊದಲು ಅದು ತಲುಪಿತು. ಸ್ವೀಕೃತಿಯ ಮುದ್ರೆ ಕಡತದಲ್ಲಿದೆ.

ಸಭೆಯಲ್ಲಿ ಲಾಸ್ಯ ತನ್ನ ಮೂವತ್ತೆರಡನೆಯ ಪುಟವನ್ನು ತಾನೇ ಓದಿ, ತಾನೇ ಹೊಡೆದುಹಾಕಿದಳು. ‘ಸಹಜ ಒಳಹರಿವು’ ಎಂಬ ಶೀರ್ಷಿಕೆಯ ಜಾಗದಲ್ಲಿ ಏನು ಬರೆಯಬೇಕೆಂದು ಯಾರೋ ಕೇಳಿದರು. ಬಳಸಿದ ನೀರು ಎನ್ನುವಂತಿರಲಿಲ್ಲ, ಪೋಲಾದ ನೀರು ಎನ್ನುವಂತೆಯೂ ಇರಲಿಲ್ಲ. ಹಳೇಪೇಟೆಯವರು ಏನನ್ನುತ್ತಾರೋ ಅದನ್ನೇ ಬರೆಯಿರಿ ಎಂದಳು. ‘ಕಳಿಸಿದ ನೀರು’ ಎಂದು ಬರೆದರು. ಕೆರೆಯನ್ನು ಮುಟ್ಟದೆ ಆಪತ್ತಿಗೆಂದು ಕಾಯ್ದಿಡುವುದಾಗಿ ನಿರ್ಣಯವಾಯಿತು.

ಹೊನ್ನೂರಮ್ಮ ಹೇಳಿದ್ದಂತೆಯೇ ಆಯಿತು. ಕೀಲಿ ಉಳಿಸಿಕೊಳ್ಳಲು ಊರಿನ ನೀರು ನಿಲ್ಲಿಸಿದಳೆಂದು ಕೆಲವರು ಎರಡು ವರ್ಷ ಅವಳೊಡನೆ ಮಾತು ಬಿಟ್ಟರು. ಅವಳು ಅವರ ಕೇರಿಯ ವಾಲ್ವನ್ನೂ ಹೊತ್ತಿಗೆ ಸರಿಯಾಗಿ ತಿರುವಿದಳು. ಕೊಟ್ರಮ್ಮ ಮಗಳೊಡನೆ ಮಾತು ಬಿಟ್ಟದ್ದು ಮೂರು ಸರದಿ. ನಾಲ್ಕನೆಯದಕ್ಕೆ ಹಂಡೆ ಎತ್ತಿಡಲು ಆಗದೆ, “ನಿಂತು ಏನು ನೋಡ್ತಿ, ಹಿಡಿ” ಎಂದಳು. ಇಬ್ಬರೂ ಗಾಣಿಗರ ಓಣಿಯ ಮೆಟ್ಟಿಲಿನ ಸುದ್ದಿ ಎತ್ತಲಿಲ್ಲ.

ಹೊಳೆಯ ನೀರು ಬಂದದ್ದು ಹನ್ನೊಂದು ವರ್ಷದ ಮೇಲೆ. ರುದ್ರಮುನಿ ನಿವೃತ್ತರಾಗಿ ಲಾಸ್ಯ ಅವರ ಕುರ್ಚಿಯಲ್ಲಿದ್ದಳು. ಹೊನ್ನೂರಮ್ಮ ಕೀಲಿಯನ್ನು ಮಂಡಳಿಗೆ ಒಪ್ಪಿಸಿ ರಸೀದಿ ಪಡೆದು ತಂಗಿಯ ಮನೆ ಸೇರಿದಳು. ಎಂಬತ್ತೆರಡರ ಕೊಟ್ರಮ್ಮ ಮೊದಲ ದಿನ ಕುರ್ಚಿ ಹಾಕಿಸಿಕೊಂಡು ನಲ್ಲಿಯ ಎದುರು ಕುಳಿತು, ತಿರುವಿದಳು, ನಿಲ್ಲಿಸಿದಳು, ಮಧ್ಯಾಹ್ನ ಊಟವಾದ ಮೇಲೆ ಮತ್ತೊಮ್ಮೆ ತಿರುವಿದಳು. ಪ್ರತಿ ಸಲವೂ ಬಂತು. ತೊಟ್ಟಿಯನ್ನು ಕೊನೆಯ ಬಾರಿ ಖಾಲಿ ಮಾಡಿ ತೊಳೆಸಿದರು.

“ಇನ್ನ ಹಳೇ ನೀರು ಯಾವಾಗ?” ಎಂದು ಕೇಳಿದಳು.

“ಇನ್ನ ಇಲ್ಲ ಯವ್ವಾ. ಎಲ್ಲಾ ಹೊಸಾದ.”

ಕೊಟ್ರಮ್ಮ ಒಂದು ತಾಮ್ರದ ಕೊಡ ತುಂಬಿಸಿ, ಅಡುಗೆಮನೆಯ ಮೂಲೆಯಲ್ಲಿ ತಟ್ಟೆ ಮುಚ್ಚಿಟ್ಟು, ಅದನ್ನು ಯಾರೂ ಮುಟ್ಟಬಾರದೆಂದಳು. ನಾಲ್ಕನೆಯ ಬೆಳಿಗ್ಗೆ, ಯಾವ ಮುಚ್ಚಳವೂ ಬಡಿಯದಿದ್ದರೂ, ನೆರೆಯಾಕೆಯಿಂದ ಅದನ್ನು ಹೊರಿಸಿಕೊಂಡು ಹೋಗಿ ಬಾವಿಗೆ ಸುರಿಸಿದಳು. ಒಂದು ಕೊಡ ನೀರು ಹದಿನೈದು ಲೀಟರ್. ಅಷ್ಟು ತೂಕ ತಕ್ಕಡಿಗೆ ತಿಳಿಯುವಂಥದ್ದಲ್ಲ.

ಅದೇ ವಾರದ ಕೊನೆಯಲ್ಲಿ ಯೂಸುಫ್ ಲಾಸ್ಯಳನ್ನು ಪರದೆಯ ಬಳಿ ಕರೆದ. ಸತ್ತಂತೆ ಮಲಗಿರಬೇಕಿದ್ದ ಹನ್ನೆರಡು ಗೆರೆಗಳಲ್ಲೂ ಒಂದೊಂದು ಮೆಟ್ಟಿಲಿತ್ತು, ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಕಾಣುವಂಥದ್ದು. ಕೇರಿಗೆ ಮೂವತ್ತೈದು, ನಲವತ್ತು ಸಾವಿರ ಲೀಟರ್, ಮನೆಗೊಂದು ಕೊಡದ ಲೆಕ್ಕ. ಮೊದಲ ದಿನ ಅಗಸೆ ಕೇರಿ ಮತ್ತು ಅದರ ಪಕ್ಕದ ಎರಡು. ಎರಡನೆಯ ದಿನ ಗಾಣಿಗರ ಓಣಿಯ ಕೇರಿ. ಹೊನ್ನೂರಮ್ಮನ ಸೈಕಲ್ ಹೋಗುತ್ತಿದ್ದ ಕ್ರಮದಲ್ಲೇ, ಹನ್ನೆರಡೂ.

“ಬಹಳ ಸಣ್ಣದು ಮೇಡಂ” ಎಂದ ಯೂಸುಫ್. “ಲಾರಿ ಅಲುಗಾಟ ಅಂತ ಅಳಿಸಿಬಿಡ್ಲೇನು? ವಾರದ ಸರಾಸರಿ ಹಾಕಿದ್ರ ತಾನಾ ಹೋಗ್ತೈತಿ.”

“ಬ್ಯಾಡ” ಎಂದಳು ಲಾಸ್ಯ. “ದಿನದ್ದ ಇರಲಿ.”

ಅವಳು ಕೆರೆಯ ಪುಸ್ತಕ ತೆಗೆದು, ‘ಕಳಿಸಿದ ನೀರು’ ಎಂಬ ಶೀರ್ಷಿಕೆಯ ಕೆಳಗೆ, ಒಂದು ಕೋಟಿಗಳ ಉದ್ದನೆಯ ಸಾಲಿನ ಮುಂದಿನ ಮನೆಯಲ್ಲಿ, ಆ ದಿನದ ಸಂಖ್ಯೆಯನ್ನು ಬರೆದಳು. ಪುಸ್ತಕದ ಆ ಸಾಲು ಇಂದಿಗೂ ಖಾಲಿ ಬಿದ್ದಿಲ್ಲ.